ತೈವಾನ್‌ನಲ್ಲಿ ಚಾರಣದ ದಾರಿ ಆರಿಸುವುದು: ಮೊದಲು ಗಾಳಿ, ಆಮೇಲೆ ನೋಟ

(ಚಾರಣಾಸಕ್ತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಚಿಪ್ ಕಾರ್ಖಾನೆಗಳ ಕೆಲಸದ ಮೇಲೆ ಬೆಂಗಳೂರಿನಿಂದ ಶಿಂಚು, ತೈಪೆ ಕಡೆ ಹೋಗಿಬರುವವರು ಈಗ ಕಡಿಮೆಯಿಲ್ಲ. ಅವರೆಲ್ಲ ಕೇಳುವುದು ಒಂದೇ: "ಶನಿವಾರ, ಭಾನುವಾರ ಬಿಡುವಿದೆ, ಒಳ್ಳೆ ನೋಟ ಇರೋ ಒಂದು ದಾರಿ ಹೇಳಿ." ಹೋಗುವುದು ಯಾವ ತಿಂಗಳು, ಆ ದಿನ ಗಾಳಿ ಎತ್ತಣಿಂದ ಅಂತ ಗೊತ್ತಿಲ್ಲದೆ ದಾರಿ ಹೇಳಿದರೆ ಅದು ಬರೀ ಹೆಸರು ಹೇಳಿದ ಹಾಗಷ್ಟೆ. ಫೋಟೊದಲ್ಲಿ ಕಂಡ ಶಿಖರಕ್ಕೇ ಹೋಗಿರುತ್ತೀರಿ, ಆದರೆ ಹತ್ತು ಅಡಿ ಮುಂದಿನದೂ ಕಾಣದ ಮಂಜಿನಲ್ಲಿ ನಿಂತಿರುತ್ತೀರಿ. ಅದಕ್ಕೆ ಇವತ್ತು ಆಯ್ಕೆಯನ್ನು ತಲೆಕೆಳಗಾಗಿ ಮಾಡೋಣ. ತಿಂಗಳು ಮೊದಲು, ದ್ವೀಪದ ಯಾವ ಬದಿ ಅನ್ನುವುದು ಎರಡನೆಯದು, ಎತ್ತರ ಮೂರನೆಯದು. ನೋಟದ ಮಾತು ಕೊನೆಗೆ.

ದ್ವೀಪದ ಅಳತೆಯಿಂದ ಶುರುಮಾಡುತ್ತೇನೆ. ಉತ್ತರ ದಕ್ಷಿಣವಾಗಿ ಸುಮಾರು 394 ಕಿ.ಮೀ., ಅತಿ ಅಗಲವಾದ ಕಡೆ 144 ಕಿ.ಮೀ. ಕರ್ಕಾಟಕ ಸಂಕ್ರಾಂತಿ ವೃತ್ತ ನಡುವೆಯೇ ಹಾದುಹೋಗುತ್ತದೆ. ಇಷ್ಟು ಸಣ್ಣ ಜಾಗದಲ್ಲಿ 3,000 ಮೀಟರ್ ಮೀರಿದ ಶಿಖರಗಳು ಇನ್ನೂರಕ್ಕೂ ಹೆಚ್ಚು. ಎಲ್ಲಕ್ಕಿಂತ ಎತ್ತರದ್ದು ಯುಶಾನ್, 3,952 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಯುಶಾನ್ ಹತ್ತಲು ಕಾಲಿಡುವ ಜಾಗವೇ 2,610 ಮೀಟರ್‌ನಲ್ಲಿದೆ. ಫಿಲಿಪ್ಪೀನ್ ಸಮುದ್ರದ ಭೂಫಲಕ ಮತ್ತು ಯುರೇಷ್ಯದ ಭೂಫಲಕ ಒಂದನ್ನೊಂದು ಒತ್ತುತ್ತಿರುವುದರಿಂದ ಈ ಬೆಟ್ಟಗಳು ಇವತ್ತಿಗೂ ಮೇಲೇಳುತ್ತಿವೆ. ವಯಸ್ಸು ಚಿಕ್ಕದು, ಬಂಡೆ ಬಿರುಕು ಬಿಟ್ಟದ್ದು, ಇಳಿಜಾರು ಕಡಿದು. ಮಳೆ ಬಂದರೂ ಕುಸಿಯುತ್ತದೆ, ನೆಲ ಅದುರಿದರೂ ಕುಸಿಯುತ್ತದೆ. ಹೀಗಾಗಿ ಕಳೆದ ವರ್ಷ ಇದ್ದ ದಾರಿ ಈ ವರ್ಷ ಇರುತ್ತದೆ ಅನ್ನುವ ಭರವಸೆ ಅಲ್ಲಿಲ್ಲ.

ಇನ್ನು ಗಾಳಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯ ಮಾರುತದ ಕಾಲ. ಸಮುದ್ರದ ತೇವ ಹೊತ್ತು ಬರುವ ಆ ಗಾಳಿ ಮೊದಲು ಬಡಿಯುವುದು ಉತ್ತರ ಮತ್ತು ಈಶಾನ್ಯ ಕರಾವಳಿಯ ಗುಡ್ಡಗಳಿಗೆ. ಕೀಲುಂಗ್, ಜ್ಯುಫೆನ್, ತೈಪೆಯ ಹಿಂದಿನ ಯಾಂಗ್‌ಮಿಂಗ್ ಬೆಟ್ಟ, ಎಲ್ಲ ಕಡೆ ಸೋನೆ ಮಳೆ, ಚಳಿ, ಮಂಜು. ನಡುವಿನ ಪರ್ವತಸಾಲು ದಾಟುವಷ್ಟರಲ್ಲಿ ಗಾಳಿಯ ತೇವ ಮುಗಿದಿರುತ್ತದೆ. ಅದೇ ದಿನ ನೈಋತ್ಯದ ತೈನಾನ್, ಕಾವೊಶುಂಗ್ ಕಡೆ ಬಿಸಿಲು. ಜನವರಿಯ ಒಂದು ಶನಿವಾರ ತೈಪೆಯಲ್ಲಿ ಮಳೆ ಹಿಡಿದು ಕೂತಿದ್ದರೆ ಹೋಟೆಲಿನಲ್ಲಿ ಕಾಯುವುದು ದಡ್ಡತನ. ಅತಿವೇಗದ ರೈಲು ಹತ್ತಿದರೆ ಒಂದೂವರೆಯಿಂದ ಎರಡು ಗಂಟೆಯಲ್ಲಿ ದ್ವೀಪದ ಇನ್ನೊಂದು ತುದಿಯ ಝುವೊಯಿಂಗ್ ನಿಲ್ದಾಣದಲ್ಲಿ ಇಳಿಯಬಹುದು. ಪಕ್ಕದಲ್ಲೇ ಇರುವ ಶೌಶಾನ್ ಬೆಟ್ಟ ಹವಳದ ಸುಣ್ಣಕಲ್ಲಿನದು. ಸಂದುಗೊಂದುಗಳ ನಡುವೆ ನಡೆಯುವ ದಾರಿ, ಎತ್ತರ 400 ಮೀಟರೂ ಇಲ್ಲ, ಅರ್ಧ ದಿನ ಸಾಕು. ಅಲ್ಲಿನ ಕೋತಿಗಳು ಕೈಚೀಲ ಕಿತ್ತುಕೊಳ್ಳುವುದರಲ್ಲಿ ನಮ್ಮ ನಂದಿಬೆಟ್ಟದವಕ್ಕೆ ಕಮ್ಮಿಯಿಲ್ಲ; ತಿಂಡಿ ಹೊರಗೆ ತೆಗೆಯಲೇಬೇಡಿ.

ಮೇ ನಡುವಿನಿಂದ ಜೂನ್ ನಡುವಿನವರೆಗೆ ಅಲ್ಲಿನವರು ಪ್ಲಮ್ ಮಳೆ ಅನ್ನುವ ಜಡಿಮಳೆ. ದ್ವೀಪವಿಡೀ ಒದ್ದೆ. ಜುಲೈನಿಂದ ಸೆಪ್ಟೆಂಬರ್ ಟೈಫೂನ್‌ಗಳ ಕಾಲ. 2009ರ ಆಗಸ್ಟ್‌ನ ಮೊರಾಕೊಟ್ ಟೈಫೂನ್‌ನಲ್ಲಿ ಆಲಿಶಾನ್‌ನಲ್ಲಿ ಐದೇ ದಿನಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯಿತು. ಆಗುಂಬೆಯ ಇಡೀ ವರ್ಷದ ಮಳೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಅದು. ಬೆಟ್ಟದ ಪಕ್ಕವೇ ಜಾರಿ ಶಿಯಾವ್‌ಲಿನ್ ಅನ್ನುವ ಊರು ಮಣ್ಣಿನಡಿ ಹೋಯಿತು. ಟೈಫೂನ್ ಬರುವ ಮುನ್ನಾದಿನ ಆಕಾಶ ಬಹಳ ತಿಳಿಯಾಗಿ ಕಾಣುವುದುಂಟು, ಅದನ್ನು ನಂಬಿ ಹೊರಡಬಾರದು. ಟೈಫೂನ್ ನೆಲಕ್ಕೂ ತಟ್ಟಬಹುದು ಅನ್ನುವ ಭೂಭಾಗದ ಎಚ್ಚರಿಕೆ ಹೊರಟ ಕೂಡಲೇ ರಾಷ್ಟ್ರೀಯ ಉದ್ಯಾನಗಳು ದಾರಿ ಮುಚ್ಚುತ್ತವೆ. ಟೈಫೂನ್ ದಾಟಿಹೋದ ಮೇಲೂ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತೆರೆಯುವುದಿಲ್ಲ. ಮುಚ್ಚಿದ ದಾರಿಗೆ ನುಗ್ಗಿದರೆ ದಂಡ, ಕೆಲವು ಜಿಲ್ಲೆಗಳಲ್ಲಿ ರಕ್ಷಣಾ ಕಾರ್ಯದ ಖರ್ಚನ್ನೂ ವಸೂಲಿ ಮಾಡುತ್ತಾರೆ.

ಹಾಗಾದರೆ ಉತ್ತಮ ತಿಂಗಳು ಯಾವುದು? ಎತ್ತರದ ಬೆಟ್ಟಗಳಿಗೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ. ಮೋಡದ ಮೇಲ್ಮೈ ಸಾಮಾನ್ಯವಾಗಿ ಕೆಳಗೇ ನಿಲ್ಲುತ್ತದೆ, ಶಿಖರದಿಂದ ನೋಡಿದರೆ ಕೆಳಗೆ ಮೋಡದ ಸಮುದ್ರ, ಮೇಲೆ ನೀಲಿ. ಇದರ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ: ಆ ಮೋಡ ನಿಲ್ಲುವ 1,500ರಿಂದ 2,500 ಮೀಟರ್ ನಡುವೆ ಸಂಜೆಗೆ ಏನೂ ಕಾಣುವುದಿಲ್ಲ. ಆ ಎತ್ತರದಲ್ಲಿ ಹಬ್ಬಿರುವುದು ದೈತ್ಯ ಸೈಪ್ರೆಸ್ ಮರಗಳ ಮಂಜುಕಾಡು. ಅಲ್ಲಿಗೆ ದೂರದ ನೋಟಕ್ಕಾಗಿ ಹೋಗುವುದಲ್ಲ, ಮರಗಳಿಗಾಗಿ ಹೋಗುವುದು, ಮಂಜಿದ್ದರೇ ಚೆನ್ನ.

ಈಗ ಒಂದು ದಾರಿಯನ್ನು ಹತ್ತಿರದಿಂದ ನೋಡೋಣ. ಈಶಾನ್ಯ ಕರಾವಳಿಯ ತ್ಸಾವ್‌ಲಿಂಗ್ ಹಳೆಯ ದಾರಿ ಗೊಂಗ್‌ಲ್ಯಾವ್ ಕಡೆಯಿಂದ ಗುಡ್ಡ ದಾಟಿ ಸಮುದ್ರದಂಚಿನ ದಾಲಿಗೆ ಇಳಿಯುತ್ತದೆ. ಉದ್ದ ಸುಮಾರು 8.5 ಕಿ.ಮೀ., ನಡುವಿನ ಕಣಿವೆಬಾಯಿಯ, ಅಂದರೆ ಗುಡ್ಡಸಾಲನ್ನು ದಾಟುವ ತಗ್ಗಿನ, ಎತ್ತರ ಸುಮಾರು 330 ಮೀಟರ್. ತೈಪೆಯಿಂದ ರೈಲಿನಲ್ಲಿ ಹೋಗಿ, ರೈಲಿನಲ್ಲೇ ವಾಪಸಾಗಬಹುದು. ದಾರಿ ಮೊದಲು ತೊರೆಯ ಪಕ್ಕದ ನೆರಳಿನಲ್ಲಿ ಹೋಗುತ್ತದೆ, ಆಮೇಲೆ ಹಾಸುಗಲ್ಲಿನ ಮೆಟ್ಟಿಲು. ಮೇಲೆ ಹತ್ತುತ್ತಾ ಮರಗಳು ಮುಗಿದು ಎದೆಯೆತ್ತರದ ಹುಲ್ಲು ಶುರುವಾಗುತ್ತದೆ. ನವೆಂಬರ್‌ನಲ್ಲಿ ಆ ಹುಲ್ಲು ಕಬ್ಬಿನ ಸೂಲಂಗಿಯ ಹಾಗೆ ಬೆಳ್ಳಗೆ ತೆನೆಬಿಟ್ಟು ಇಡೀ ಗುಡ್ಡ ಅಲೆಯಾಡುತ್ತದೆ. ಕಣಿವೆಬಾಯಿಗೆ ಬರುವ ಮುನ್ನ ಒಂದು ಬಂಡೆಯ ಮೇಲೆ ಕೊರೆದ ದೊಡ್ಡ ಅಕ್ಷರ ಇದೆ. 1867ರಲ್ಲಿ ಈ ದಾರಿಯಲ್ಲಿ ಬಂದ ಚೀನಾದ ಚಿಂಗ್ ರಾಜವಂಶದ ಆಡಳಿತದ ಸೇನಾಧಿಕಾರಿ ಲಿಯು ಮಿಂಗ್‌ದೆಂಗ್ ಇಲ್ಲಿನ ಗಾಳಿಯ ಹಾವಳಿ ಅಡಗಿಸಲೆಂದು "ಹುಲಿ" ಎಂದು ಬರೆಸಿದ ಕಲ್ಲು ಅದು. ಗಾಳಿ ಹುಲಿಯ ಮಾತು ಕೇಳುತ್ತದೆ ಅನ್ನುವುದು ಚೀನೀ ನಂಬಿಕೆ. ಗಾಳಿಯಂತೂ ಇನ್ನೂ ಕೇಳಿದಂತಿಲ್ಲ. ಈಶಾನ್ಯ ಮಾರುತ ಜೋರಾಗಿರುವ ದಿನ ಅಲ್ಲಿ ಕೊಡೆ ಬಿಚ್ಚಿದರೆ ಮಗುಚಿ ಕಡ್ಡಿ ಮುರಿಯುತ್ತದೆ. ಟೊಪ್ಪಿಗೆ ಇರುವ ಮಳೆಯಂಗಿಯೇ ಬೇಕು.

ಹುಲ್ಲು ತೆನೆಬಿಡುವುದು ನವೆಂಬರ್, ಗಾಳಿ ಮಳೆ ತರುವುದೂ ಅದೇ ತಿಂಗಳು. ಇದನ್ನು ಬಿಡಿಸುವುದು ಹೇಗೆ? ಆ ಮಾರುತ ಒಂದೇ ಸಮನೆ ಬೀಸುವುದಿಲ್ಲ, ಅಲೆಯಲೆಯಾಗಿ ಬರುತ್ತದೆ. ಉತ್ತರದಿಂದ ತಂಪು ಗಾಳಿಯ ಒಂದು ಅಲೆ ಬಂತೆಂದರೆ ಮೊದಲೆರಡು ದಿನ ಮಳೆ. ಆಮೇಲೆ ಅಧಿಕ ಒತ್ತಡದ ವಲಯ ಸಮುದ್ರದ ಕಡೆ ಸರಿದು ಗಾಳಿ ಪೂರ್ವಕ್ಕೆ, ಆಗ್ನೇಯಕ್ಕೆ ತಿರುಗುತ್ತದೆ. ಮುಂದಿನ ಅಲೆ ಬರುವ ಮುಂಚೆ ಒಂದೆರಡು ದಿನ ಆಕಾಶ ತೆರೆದುಕೊಳ್ಳುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಮಳೆಯ ಶೇಕಡಾವಾರು ಮಾತ್ರ ನೋಡಬೇಡಿ, ಗಾಳಿಯ ದಿಕ್ಕು ಬದಲಾಗುವ ದಿನ ಹುಡುಕಿ. ಅದು ನಿಮ್ಮ ದಿನ.

ಯಾವ ತುದಿಯಿಂದ ಹತ್ತಬೇಕು ಅನ್ನುವುದೂ ಆಯ್ಕೆಯೇ. ಗೊಂಗ್‌ಲ್ಯಾವ್ ಕಡೆಯ ಏರು ನಿಧಾನ, ದಾಲಿ ಕಡೆಯದು ಕಡಿದು. ಗೊಂಗ್‌ಲ್ಯಾವ್‌ನಿಂದ ಹೊರಟರೆ ಸಮುದ್ರ ಕಣಿವೆಬಾಯಿಯಲ್ಲಿ ಒಮ್ಮೆಗೇ ತೆರೆದುಕೊಳ್ಳುತ್ತದೆ. ಮಧ್ಯಾಹ್ನದ ಮೇಲೆ ಸೂರ್ಯ ನಿಮ್ಮ ಬೆನ್ನಿಗಿದ್ದು ಎದುರಿನ ಶಾಂತಸಾಗರದ ಮೇಲೆ, ಆಮೆಯ ಆಕಾರದ ಗುಯ್‌ಶಾನ್ ದ್ವೀಪದ ಮೇಲೆ ಬೆಳಕು ಬಿದ್ದಿರುತ್ತದೆ. ಮಂಡಿನೋವು ಇರುವವರು ಮಾತ್ರ ತಿರುಗಾಮುರುಗಾ ಮಾಡಿ. ದಾಲಿಯಿಂದ ಹತ್ತುವುದು ಸುಸ್ತು, ಇಳಿಯುವಾಗ ಮಂಡಿ ಉಳಿಯುತ್ತದೆ. ದಾಲಿಯಲ್ಲಿ ನಿಲ್ಲುವುದು ಸಾಮಾನ್ಯ ಲೋಕಲ್ ರೈಲುಗಳು ಮಾತ್ರ. ವಾಪಸಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.

ಸಮಯದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯೂರೋಪಿನ ಪುಸ್ತಕಗಳು ಹೇಳುವ ಗಂಟೆಗೆ 5 ಕಿ.ಮೀ. ಲೆಕ್ಕ ತೈವಾನ್‌ನ ಮೆಟ್ಟಿಲು, ಬೇರು, ಸೆಕೆಗೆ ಹೊಂದುವುದಿಲ್ಲ. ಪ್ರತಿ 3 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 400 ಮೀಟರ್ ಏರಿಗೆ ಇನ್ನೊಂದು ಗಂಟೆ ಅಂತ ಇಟ್ಟುಕೊಳ್ಳಿ. ತ್ಸಾವ್‌ಲಿಂಗ್‌ಗೆ ಇದು ಸುಮಾರು 3 ಗಂಟೆ 40 ನಿಮಿಷ ಆಗುತ್ತದೆ, ಊಟ, ಫೋಟೊ ಸೇರಿ ಐದು ಗಂಟೆ. ಡಿಸೆಂಬರ್‌ನಲ್ಲಿ ತೈಪೆಯಲ್ಲಿ ಸಂಜೆ 5 ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಮರದಡಿಯಲ್ಲಿ ನಾಲ್ಕೂವರೆಗೇ ಕತ್ತಲೆ. ಬೆಂಗಳೂರಿನ ಅಂದಾಜಿನಲ್ಲಿ ಹೊರಟವರಿಗೆ ಇಲ್ಲಿ ಒಂದು ಗಂಟೆ ಖೋತಾ. ಮೂರು ಗಂಟೆಯ ಚಾರಣಕ್ಕೂ ತಲೆದೀಪ ಚೀಲದಲ್ಲಿರಲಿ.

ತೈಪೆ ಬಿಟ್ಟು ದೂರ ಹೋಗಲಾಗದವರಿಗೆ ಚಿಶಿಂಗ್ ಬೆಟ್ಟ ಇದೆ, 1,120 ಮೀಟರ್, ಹಳೆಯ ಜ್ವಾಲಾಮುಖಿ. ಸುಮಾರು 805 ಮೀಟರ್ ಎತ್ತರದ ಶಿಯಾವ್‌ಯೋಕೆಂಗ್‌ವರೆಗೆ ಬಸ್ ಹೋಗುತ್ತದೆ. ಅಲ್ಲಿಂದ 1.6 ಕಿ.ಮೀ.ಯಲ್ಲಿ 300 ಮೀಟರಿಗೂ ಹೆಚ್ಚು ಏರು, ಪಕ್ಕದಲ್ಲೇ ಗಂಧಕದ ಹೊಗೆ ಬುಸುಗುಟ್ಟುತ್ತಿರುತ್ತದೆ. ಉಬ್ಬಸ ಇರುವವರು ಗಾಳಿಯಿಲ್ಲದ ದಿನ ಆ ಬದಿಯಿಂದ ಹತ್ತಬೇಡಿ, ಹೊಗೆ ದಾರಿಯ ಮೇಲೇ ನಿಂತಿರುತ್ತದೆ. ಇಳಿಯುವುದು ಲೆಂಗ್‌ಶುಯ್‌ಕೆಂಗ್ ಕಡೆಗೆ. ಅಲ್ಲಿ ಕಾಲು ನೆನೆಸಲು ಬಿಸಿನೀರಿನ ಕೊಳ ಇದೆ. ಎಲ್ಲರೂ ಹೋಗುವ ಆನೆಬೆಟ್ಟ, ಅಂದರೆ ಶ್ಯಾಂಗ್‌ಶಾನ್, 183 ಮೀಟರ್ ಅಷ್ಟೆ, ಮೆಟ್ರೊ ಇಳಿದು ಮೆಟ್ಟಿಲು ಹತ್ತಿದರೆ ಆಯಿತು. ಅದು ತೈಪೆ 101 ಕಟ್ಟಡದ ಫೋಟೊಗೆ ಹೇಳಿಮಾಡಿಸಿದ ಜಾಗ, ಚಾರಣ ಅಲ್ಲ. ಹೋಗುವುದಾದರೆ ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ.

ಎತ್ತರದ ಅಂಕಿ ನೋಡಿ ಸುಲಭ ಅಂದುಕೊಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು. ಪಿಂಗ್‌ಶಿಯ ಶಿಯಾವ್‌ತ್ಸಿ ಬಂಡೆ 400 ಮೀಟರೂ ಇಲ್ಲ. ಆದರೆ ಕೊನೆಯ ಭಾಗ ಹೆಚ್ಚೂಕಡಿಮೆ ನೇರವಾಗಿ ನಿಂತ ಮರಳುಗಲ್ಲು. ಅದರಲ್ಲಿ ಕಡಿದ ಸಣ್ಣ ಮೆಟ್ಟಿಲು, ಹಿಡಿಯಲು ಹಗ್ಗ, ಕಬ್ಬಿಣದ ಏಣಿ. ಒಣಗಿದ್ದರೆ ಮಜಾ, ಪಾಚಿ ನೆನೆದಿದ್ದರೆ ಅಪಾಯ. ಹತ್ತುವಾಗ ಭಯವಾಗದವರಿಗೂ ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ. ಮುಖ ಬಂಡೆಯ ಕಡೆ ಮಾಡಿ, ಹಿಮ್ಮುಖವಾಗಿ ಇಳಿಯಬೇಕು. ಹಗ್ಗಕ್ಕೆ ಇಡೀ ಭಾರ ಕೊಡಬೇಡಿ. ಹಿಂದಿನ ದಿನ ಮಳೆಯಾಗಿದ್ದರೆ ಬೇರೆ ದಾರಿ ನೋಡಿ.

ಈಗ ಮೇಲಿನ ಬೆಟ್ಟಗಳು. ಪರವಾನಗಿಯ ತಲೆಬಿಸಿಯಿಲ್ಲದೆ 3,400 ಮೀಟರ್ ನೋಡಬೇಕೆಂದರೆ ಹೆಹುವಾನ್‌ಶಾನ್. ರಸ್ತೆಯೇ 3,275 ಮೀಟರ್‌ನ ವುಲಿಂಗ್ ಕಣಿವೆಬಾಯಿಗೆ ಹೋಗುತ್ತದೆ, ತೈವಾನ್‌ನ ಅತಿ ಎತ್ತರದ ರಸ್ತೆ ಅದು. ಅಲ್ಲಿಂದ ಮುಖ್ಯ ಶಿಖರಕ್ಕೆ (3,417 ಮೀ.) ಹಳೆಯ ಸೈನಿಕ ರಸ್ತೆಯಲ್ಲಿ 2 ಕಿ.ಮೀ. ಒಳಗೆ. ಶಿಮೆನ್ ಶಿಖರ (3,237 ಮೀ.) ಇನ್ನೂ ಹತ್ತಿರ, ಒಂದು ಕಿ.ಮೀ.ಗೂ ಕಡಿಮೆ. ಪೂರ್ವ ಶಿಖರ (3,421 ಮೀ.) ಸ್ವಲ್ಪ ಕಡಿದು. ಕುಳ್ಳ ಬಿದಿರಿನ ಹಸಿರು ಗುಡ್ಡಗಳು, ಪೂರ್ವಕ್ಕೆ ಕಪ್ಪು ಕಲ್ಲಿನ ಚಿಲಾಯ್ ಸಾಲು. ಮೇ, ಜೂನ್‌ನಲ್ಲಿ ಗುಲಾಬಿ ರೋಡೋಡೆಂಡ್ರಾನ್ ಅರಳುತ್ತದೆ. ಅದು ಪ್ಲಮ್ ಮಳೆಯ ಕಾಲವೇ ಆದ್ದರಿಂದ ಬೆಳಗಿನ ಕೆಲವು ಗಂಟೆ ಸಿಕ್ಕರೆ ಪುಣ್ಯ.

ಸುಲಭ ಅನ್ನುವ ಮಾತು ಕಾಲಿಗಷ್ಟೇ ಅನ್ವಯಿಸುತ್ತದೆ. ಸುಮಾರು 450 ಮೀಟರ್ ಎತ್ತರದ ಪುಲಿಯಿಂದ ಎರಡು ಗಂಟೆಯಲ್ಲಿ 3,275 ಮೀಟರಿಗೆ ಕಾರಿನಲ್ಲಿ ಹೋದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಮೊದಲು ತಲೆನೋವು, ಆಮೇಲೆ ಹಸಿವಿಲ್ಲ, ವಾಕರಿಕೆ. ವಾಂತಿ ಶುರುವಾಯಿತು ಅಂದರೆ ಕಾಯಬಾರದು, ಕನಿಷ್ಠ 1,000 ಮೀಟರ್ ಕೆಳಗಿಳಿಯಬೇಕು. ಗಾಡಿ ಪಕ್ಕದಲ್ಲೇ ಇರುವುದು ಇಲ್ಲಿನ ಅನುಕೂಲ. ಹಿಂದಿನ ರಾತ್ರಿ ಚಿಂಗ್‌ಜಿಂಗ್‌ನಲ್ಲಿ, ಸುಮಾರು 1,700 ಮೀಟರ್‌ನಲ್ಲಿ, ಮಲಗಿ ಹೋದರೆ ಬಹಳಷ್ಟು ಜನಕ್ಕೆ ಈ ತೊಂದರೆ ಬರುವುದಿಲ್ಲ. ಮಾತ್ರೆಯ ವಿಷಯವನ್ನು ಹೊರಡುವ ಮುಂಚೆ ವೈದ್ಯರ ಹತ್ತಿರ ಮಾತಾಡಿ. ಬಟ್ಟೆಯ ಲೆಕ್ಕವೂ ಸರಳ: ಪ್ರತಿ 1,000 ಮೀಟರಿಗೆ ಸುಮಾರು 6 ಡಿಗ್ರಿ ಇಳಿಕೆ. ತೈಪೆಯಲ್ಲಿ 28 ಇದ್ದರೆ ವುಲಿಂಗ್‌ನಲ್ಲಿ 8, ಅದರ ಮೇಲೆ ಗಾಳಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಚಕ್ರಕ್ಕೆ ಸರಪಳಿ ಹಾಕದ ಗಾಡಿಯನ್ನು ಬಿಡುವುದಿಲ್ಲ. ಮಧ್ಯಾಹ್ನ ಹನ್ನೆರಡು, ಒಂದರ ಹೊತ್ತಿಗೆ ಮೋಡ ಮೇಲೇರಿ ನೋಟ ಮುಚ್ಚುತ್ತದೆ. ಬೇಸಿಗೆಯಲ್ಲಿ ಸಿಡಿಲೂ ಸೇರುತ್ತದೆ. ಆ ಗುಡ್ಡಗಳ ಮೇಲೆ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ. ಹನ್ನೊಂದರೊಳಗೆ ಶಿಖರ ಮುಗಿಸಿ.

ಯುಶಾನ್ ಬೇರೆಯೇ ಲೆಕ್ಕ. ಮೊದಲು ಹೇಳಿದ 2,610 ಮೀಟರ್‌ನ ಜಾಗ, ಅಂದರೆ ತಾತಾಜಿಯಾ ಕಡೆಯಿಂದ ಪೈಯುನ್ ವಸತಿಗೆ 8.5 ಕಿ.ಮೀ., ವಸತಿ 3,402 ಮೀಟರ್‌ನಲ್ಲಿದೆ. ಅಲ್ಲಿಂದ ಶಿಖರಕ್ಕೆ 2.4 ಕಿ.ಮೀ.ಯಲ್ಲಿ 550 ಮೀಟರ್ ಏರು. ಬೆಳಗಿನ ಜಾವ ಎರಡೂವರೆ, ಮೂರಕ್ಕೆ ಹೊರಡುತ್ತಾರೆ. ಕೊನೆಯ ಭಾಗದಲ್ಲಿ ಸಡಿಲ ಕಲ್ಲು, ಸರಪಳಿ, ಮೇಲಿನವರ ಕಾಲಿಂದ ಕಲ್ಲು ಉರುಳುತ್ತದೆ, ಹೆಲ್ಮೆಟ್ ಬೇಕು. ಜನ ಶಿಖರದ ಬಗ್ಗೆ ಯೋಚಿಸುತ್ತಾರೆ, ಇಳಿಯುವುದನ್ನು ಮರೆಯುತ್ತಾರೆ: ಅದೇ ದಿನ ಶಿಖರದಿಂದ ಕೆಳಗಿನವರೆಗೆ 10.9 ಕಿ.ಮೀ., 1,342 ಮೀಟರ್ ಇಳಿತ. ಎರಡು ಊರುಗೋಲು ಇಲ್ಲದಿದ್ದರೆ ಮಾರನೆಯ ದಿನ ಮೆಟ್ಟಿಲಿಳಿಯಲು ಆಗುವುದಿಲ್ಲ. ಎರಡು ಪರವಾನಗಿ ಬೇಕು, ಒಂದು ರಾಷ್ಟ್ರೀಯ ಉದ್ಯಾನದ್ದು, ಇನ್ನೊಂದು ಪೊಲೀಸರದು. ವಸತಿಯ ಹಾಸಿಗೆ ನೂರು ಚಿಲ್ಲರೆ ಮಾತ್ರ, ಚೀಟಿ ಎತ್ತಿ ಕೊಡುತ್ತಾರೆ. ವಿದೇಶಿಯರಿಗೆ ವಾರದ ನಡುವಿನ ದಿನಗಳಲ್ಲಿ ಪ್ರತ್ಯೇಕ ಪಾಲಿದೆ, ಅದಕ್ಕೆ ತಿಂಗಳುಗಳ ಮುಂಚೆಯೇ ಅರ್ಜಿ ಹಾಕಬೇಕು. ವಾರಾಂತ್ಯವೇ ಬೇಕೆಂದು ಹಟ ಮಾಡಿದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ನೋಟ ಮತ್ತು ನಡಿಗೆ ಎರಡನ್ನೂ ತೂಗಿದರೆ ಯುಶಾನ್‌ಗಿಂತ ಶುಯೆಶಾನ್ ಮೇಲು ಅನ್ನುವುದು ನನ್ನ ಅಭಿಪ್ರಾಯ. 3,886 ಮೀಟರ್, ಇದಕ್ಕೂ 10.9 ಕಿ.ಮೀ. ಸುಮಾರು 2,140 ಮೀಟರ್‌ನಿಂದ ಹೊರಡುವುದರಿಂದ ಏರು ಹೆಚ್ಚು, ಆದರೆ ಒಂದೇ ದಾರಿಯಲ್ಲಿ ಕಾಡು ನಾಲ್ಕು ಸಲ ಬದಲಾಗುತ್ತದೆ. ಅಳುವ ಏರು ಎಂದೇ ಕರೆಯುವ ಒಂದು ಕಡಿದಾದ ಗುಡ್ಡವಿದೆ, ಹೆಸರಿಗೆ ಮೋಸವಿಲ್ಲ. 7.1 ಕಿ.ಮೀ. ಹತ್ತಿರ 369 ಹೆಸರಿನ ವಸತಿ, ಅದರಾಚೆ ಫರ್ ಮರಗಳ ಕಪ್ಪುಕಾಡು, ಕಾಡು ಮುಗಿದ ಕೂಡಲೇ ಹಿಮನದಿ ಕೊರೆದ ಬಟ್ಟಲಿನಂಥ ಬಯಲು. ಜನವರಿಯಿಂದ ಮಾರ್ಚ್‌ವರೆಗೆ ಹಿಮ ಇರಬಹುದು. ಬೂಟಿನ ಮುಳ್ಳುಪಟ್ಟಿ, ಹಿಮಗೊಡಲಿ ಬಳಸಲು ಬರದವರು ಆಗ ಅತ್ತ ಹೋಗಬೇಡಿ.

ಹೊಸಬರಿಗೆ ನಾನು ಬೇಡ ಅನ್ನುವುದು 1,000ದಿಂದ 2,500 ಮೀಟರ್‌ನ ನಡುಬೆಟ್ಟಗಳನ್ನು. ದಾರಿ ತಪ್ಪುವವರು ಹೆಚ್ಚಾಗಿ ಅಲ್ಲಿಯೇ. ಮರಕ್ಕೆ ಕಟ್ಟಿದ ಬಣ್ಣದ ಬಟ್ಟೆಪಟ್ಟಿಗಳನ್ನು ನಂಬಿ ಹೋಗುತ್ತಾರೆ. ಅವು ಚಾರಣ ತಂಡಗಳು ಕಟ್ಟಿದವು. ಯಾರೋ ಒಮ್ಮೆ ಈ ಕಡೆ ಹೋಗಿದ್ದರು ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ಕೆಸರು ಎಷ್ಟೆಂದರೆ ಅಲ್ಲಿನ ಚಾರಣಿಗರು ಚಾರಣದ ಬೂಟು ಬಿಟ್ಟು ಗಮ್‌ಬೂಟ್ ಹಾಕುತ್ತಾರೆ. ಸರ್ಕಾರಿ ದಾರಿಗಳಲ್ಲಿ ದೂರ ಬರೆದ ಕಂಬಗಳಿರುತ್ತವೆ, ಫೋನ್ ಸಿಗ್ನಲ್ ಸಿಗುವ ಜಾಗಗಳಿಗೂ ಫಲಕ ಹಾಕಿರುತ್ತಾರೆ. ಹಾದುಬಂದ ಕೊನೆಯ ಕಂಬದ ಸಂಖ್ಯೆ ನೆನಪಿಡಿ. ತುರ್ತು ನೆರವಿನ ಸಂಖ್ಯೆ 119ಕ್ಕೆ ಕರೆ ಮಾಡಿದರೆ ಮೊದಲು ಹೇಳಬೇಕಾದದ್ದು ಅದು.

ಹೊಳೆಯ ವಿಷಯದಲ್ಲಿ ಒಂದು ಘಟನೆ ಹೇಳಲೇಬೇಕು. 2021ರ ಅಕ್ಟೋಬರ್ 16ರಂದು ಹೊಸ ತೈಪೆಯ ಹುಬಾವ್ ಮಡುವಿನಲ್ಲಿ, ಹೊಳೆಗೆ ಅಡ್ಡಲಾಗಿ ನೆಟ್ಟ ದಾಟುಗಲ್ಲುಗಳ ಮೇಲೆ ನಡೆಯುತ್ತಿದ್ದವರು ಏಕಾಏಕಿ ಏರಿದ ನೀರಿಗೆ ಕೊಚ್ಚಿಹೋದರು. ಆರು ಜನ ಸತ್ತರು. ಅದು ಕಷ್ಟದ ದಾರಿಯೇನಲ್ಲ, ಮಕ್ಕಳನ್ನು ಕರೆದುಕೊಂಡು ಹೋಗುವಂಥದ್ದು. ಮಳೆ ಬರಬೇಕಾದ್ದು ನೀವು ನಿಂತಲ್ಲೇ ಅಲ್ಲ, ಮೇಲೆ ಎಲ್ಲೋ ಬಿದ್ದರೂ ಸಾಕು. ನೀರು ಕದಡಿದರೆ, ಎಲೆ, ಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ದಡಕ್ಕೆ ಬಂದುಬಿಡಿ. ದಾಟಿ ಹೋಗಿದ್ದೀರಿ, ವಾಪಸು ಬರಲಾಗುವುದಿಲ್ಲ ಅಂದರೆ ಆಚೆ ದಡದಲ್ಲೇ ಕಾಯಿರಿ. ಹೊಳೆ ದಾಟುವ ದಾರಿಯನ್ನು ಆರಿಸುವಾಗಲೇ, ಸೇತುವೆಯಿರುವ ಇನ್ನೊಂದು ವಾಪಸು ದಾರಿ ಇದೆಯೇ ಅಂತ ನಕ್ಷೆಯಲ್ಲಿ ನೋಡಿಕೊಳ್ಳಿ.

ತಾರೊಕೊ ಕಣಿವೆಯ ಬಗ್ಗೆ ಯಾಕೆ ಹೇಳಲಿಲ್ಲ ಅಂತ ಸಭೆಯಿಂದ ಪ್ರಶ್ನೆ ಬಂತು. ಅಮೃತಶಿಲೆಯ ಆ ಕಮರಿ ತೈವಾನ್‌ನ ಅತಿ ಪ್ರಸಿದ್ಧ ನೋಟ. 2024ರ ಏಪ್ರಿಲ್ 3ರ ಹುವಾಲಿಯೆನ್ ಭೂಕಂಪದಲ್ಲಿ ಬಂಡೆ ಉರುಳಿ ಅಲ್ಲಿನ ಕಾಲುದಾರಿಯಲ್ಲಿದ್ದವರೇ ಸತ್ತರು, ದಾರಿಗಳು ಹಾಳಾದವು, ಉದ್ಯಾನ ಮುಚ್ಚಿತು. ಅದಕ್ಕಿಂತ ಹಳೆಯ ಪುಸ್ತಕ, ವಿಡಿಯೋ ನೋಡಿ ಯೋಜನೆ ಹಾಕಬೇಡಿ. ಉದ್ಯಾನದ ಪ್ರಕಟಣೆಯಲ್ಲಿ ಆ ದಾರಿಯ ಹೆಸರಿನ ಮುಂದೆಯೇ "ತೆರೆದಿದೆ" ಅಂತ ಇದ್ದರೆ ಮಾತ್ರ ಹೊರಡಿ.

ಇಂಬಳದ ಬಗ್ಗೆ ಕೇಳಿದರು. ಮಲೆನಾಡಿನಲ್ಲಿ ನಡೆದವರಿಗೆ ಹೇಳಿಕೊಡುವುದೇನಿಲ್ಲ, ಮಳೆಗಾಲದ ತಗ್ಗಿನ ಕಾಡುಗಳಲ್ಲಿ ಇವೆ. ಹೆಚ್ಚು ಹೆದರಬೇಕಾದ್ದು ಕಡಜಕ್ಕೆ, ಆಗಸ್ಟ್‌ನಿಂದ ನವೆಂಬರ್‌ವರೆಗೆ ಅದರ ಗೂಡು ತುಂಬಿರುತ್ತದೆ. ಕಪ್ಪು ಬಟ್ಟೆ, ಸುಗಂಧ ಬೇಡ. ಒಂದೆರಡು ಹುಳ ತಲೆಯ ಸುತ್ತ ಸುತ್ತಿದರೆ ಕೈಬೀಸದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ದಾರಿಯಂಚಿನಲ್ಲಿ ತುರಿಕೆ ಗಿಡದ ಜಾತಿಯದೇ ಒಂದು ಗಿಡ ಇದೆ, ಉದ್ದ ತೋಳು, ಉದ್ದ ಪ್ಯಾಂಟು ಇದ್ದರೆ ಸಾಕು.

ಊಟದ ಪ್ರಶ್ನೆ ಕೊನೆಗೆ ಬಂತು. ಬೌದ್ಧರು ಬಹಳ ಇರುವುದರಿಂದ ಸಸ್ಯಾಹಾರ ಸಿಗುವುದು ಕಷ್ಟವಲ್ಲ, ಊಟದ ಅಂಗಡಿಗಳಿಗೆ ಪ್ರತ್ಯೇಕ ಫಲಕವೇ ಇರುತ್ತದೆ. ಬೆಟ್ಟದ ವಸತಿಯಲ್ಲಿ ಮೊದಲೇ ಬರೆದು ಕೇಳಬೇಕು. ಬೆಳ್ಳುಳ್ಳಿ, ಈರುಳ್ಳಿ ತಿನ್ನದವರಿಗೆ ಇದು ಅನುಕೂಲದ ದೇಶ, ಅಲ್ಲಿನ ಕಟ್ಟುನಿಟ್ಟಿನ ಸಸ್ಯಾಹಾರಿಗಳೂ ಅವನ್ನು ಬಿಡುತ್ತಾರೆ. ಒಲೆ ಒಯ್ಯುವವರು ಗ್ಯಾಸ್ ಡಬ್ಬಿ ವಿಮಾನದಲ್ಲಿ ತರುವಂತಿಲ್ಲ. ತಿರುಪು ಬಾಯಿಯ ಡಬ್ಬಿ ತೈಪೆಯ ಚಾರಣ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಉಳಿದ ಡಬ್ಬಿಯನ್ನು ವಾಪಸು ಬರುವಾಗ ಚೀಲದಲ್ಲಿ ಮರೆಯಬೇಡಿ.